ಸೊನ್ನೆ ಬರೆದ ಮನೆಗೆ ಬೀಗ ಇತ್ತೇ?

ಪ್ರಶ್ನೆ: ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯಲ್ಲಿ ಲಾರ್ವಾ (ಸೊಳ್ಳೆ ಮರಿ) ಸಮೀಕ್ಷೆ ತಪ್ಪದೆ ನಡೆಯುತ್ತದೆ. ರಿಜಿಸ್ಟರ್‌ನಲ್ಲಿ ಹೆಚ್ಚಿನ ಮನೆಗಳ ಮುಂದೆ ಸೊನ್ನೆ, ಅಂದರೆ ಲಾರ್ವಾ ಇಲ್ಲ. ಆದರೂ ಅದೇ ಕೇರಿಯಿಂದ ಡೆಂಗಿ ಪ್ರಕರಣ ಬರುತ್ತಲೇ ಇವೆ. ದಾಖಲೆ ಸರಿಪಡಿಸುವುದು ಹೇಗೆ?
– ಆರೋಗ್ಯ ನಿರೀಕ್ಷಣಾಧಿಕಾರಿ, ಕರಾವಳಿ

ಉತ್ತರ: ಸೊನ್ನೆ ಕಂಡ ಕೂಡಲೇ ಆಶಾ ಕಾರ್ಯಕರ್ತೆಯರ ಮೇಲೆ ಹರಿಹಾಯಬೇಡಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಲ್ಲಿ. ರೋಗಿಗೆ ಅದು ಕಚ್ಚಿದ್ದು ಶಾಲೆಯಲ್ಲೋ ತೋಟದಲ್ಲೋ ಇರಬಹುದು, ಮನೆಯ ಸೊನ್ನೆ ನಿಜವೇ ಇರಬಹುದು. ನಿಜವೋ ಅಲ್ಲವೋ ಎಂದು ರಿಜಿಸ್ಟರ್ ನೋಡಿ ಹೇಳಲಾಗದಿದ್ದರೆ ತೊಂದರೆ ಇರುವುದು ರಿಜಿಸ್ಟರ್‌ನಲ್ಲಿ.

ಮೊದಲು ಬೀಗ ಹಾಕಿದ ಮನೆಗಳ ಲೆಕ್ಕ ತೆಗೆಯಿರಿ. ಪಟ್ಟಿಯಲ್ಲಿ 60 ಮನೆ, 15ಕ್ಕೆ ಬೀಗ, ಒಳಗೆ ಹೋಗಿ ನೋಡಿದ್ದು 45, ಲಾರ್ವಾ ಸಿಕ್ಕಿದ್ದು 9 ಮನೆಯಲ್ಲಿ ಅಂದುಕೊಳ್ಳಿ. ಮನೆ ಸೂಚ್ಯಂಕ, ಅಂದರೆ ನೋಡಿದ ನೂರು ಮನೆಗೆ ಲಾರ್ವಾ ಸಿಕ್ಕ ಮನೆ ಎಷ್ಟು ಎಂಬುದು, 20. ಬೀಗದ ಮನೆಗಳನ್ನೂ ಸೊನ್ನೆಯೆಂದು ಸೇರಿಸಿ 60ರಿಂದ ಭಾಗಿಸಿದರೆ 15ಕ್ಕೆ ಇಳಿಯುತ್ತದೆ. ಯಾರೂ ಸುಳ್ಳು ಬರೆದಿಲ್ಲ, ಆದರೂ ಕೇರಿ ಕಾಗದದ ಮೇಲೆ ಆರೋಗ್ಯವಾಗಿಬಿಟ್ಟಿತು! ಅದಕ್ಕೇ ‘ಬೀಗ’ ಎಂಬುದಕ್ಕೆ ಬೇರೆ ಕಾಲಂ ಬೇಕು, ಪಕ್ಕದಲ್ಲಿ ಮರುಭೇಟಿಯ ದಿನಾಂಕವೂ ಬೇಕು. ಬಿಸಿಲು ದಿನಗಳಲ್ಲಿ ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಹದಿನೈದು ದಿನ ಬಿಟ್ಟು ಹೋದರೆ ಒಂದು ಪೀಳಿಗೆ ಹಾರಿಹೋಗಿರುತ್ತದೆ.

ಇನ್ನು ನೋಡಿದ್ದೇನು ಎಂಬುದು. ‘ಡ್ರಮ್, ತೊಟ್ಟಿ, ಇತರೆ’ ಎಂದು ಅಚ್ಚಾದ ನಮೂನೆ ಹಿಡಿದು ಹೋದವರು ಡ್ರಮ್ಮು ತೊಟ್ಟಿಗಳನ್ನೇ ನೋಡುತ್ತಾರೆ. ನಿಮ್ಮ ಕಡೆ ಅಡಿಕೆ ಹಾಳೆ, ತೆಂಗಿನ ಚಿಪ್ಪು, ರಬ್ಬರ್ ಹಾಲು ಹಿಡಿಯುವ ಚಿಪ್ಪು, ಅಂಗಳದ ಹಳೆ ಒರಳುಕಲ್ಲು, ಫ್ರಿಜ್ ಹಿಂದಿನ ತಟ್ಟೆ, ಇವೆಲ್ಲ ‘ಇತರೆ’ಯಲ್ಲಿ ಮುಳುಗಿಹೋಗುತ್ತವೆ. ಹೆಸರು ಹಿಡಿದು ಕಾಲಂ ಮಾಡಿ. ನೀರಿದ್ದದ್ದೆಷ್ಟು, ಅದರಲ್ಲಿ ಲಾರ್ವಾ ಇದ್ದದ್ದೆಷ್ಟು, ಎರಡನ್ನೂ ಬರೆಸಿ. ಆಗಲೇ ಬ್ರೆಟೋ ಸೂಚ್ಯಂಕಕ್ಕೆ, ಅಂದರೆ ನೋಡಿದ ನೂರು ಮನೆಗೆ ಲಾರ್ವಾ ಇದ್ದ ನೀರಿನ ಪಾತ್ರೆ-ಪರಿಕರ ಎಷ್ಟು ಎಂಬುದಕ್ಕೆ, ಅರ್ಥ ಬರುವುದು.

‘ಕ್ರಮ ಕೈಗೊಳ್ಳಲಾಗಿದೆ’ ಎಂಬ ಮಾತನ್ನು ನಿಲ್ಲಿಸಿ. ನೀರು ಚೆಲ್ಲಿದ್ದೇ, ತೊಟ್ಟಿ ಉಜ್ಜಿದ್ದೇ, ಲಾರ್ವಾ ಕೊಲ್ಲುವ ಟೆಮಿಫಾಸ್ ಔಷಧ ಹಾಕಿದ್ದೇ? ಈ ಸೊಳ್ಳೆಯ ಮೊಟ್ಟೆ ಪಾತ್ರೆಯ ಗೋಡೆಗೆ ಅಂಟಿಕೊಂಡು ಒಣಗಿಯೂ ತಿಂಗಳುಗಟ್ಟಲೆ ಬದುಕುತ್ತದೆ. ಬರೀ ಚೆಲ್ಲಿದ ತೊಟ್ಟಿ ಮತ್ತೆ ತುಂಬಿದಾಗ ಲಾರ್ವಾ ಹಾಜರ್. ಚೆಲ್ಲಿದ್ದಕ್ಕೂ ಉಜ್ಜಿದ್ದಕ್ಕೂ ಬೇರೆ ಬೇರೆ ಗುರುತು ಇರಲಿ.

2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ಗೊತ್ತುಮಾಡಿದೆ. ದಂಡ ಹಾಕುವ ದಿನ ಈ ಪುಸ್ತಕವೇ ಸಾಕ್ಷಿ. ಆದರೆ ದಂಡದ ಹೆದರಿಕೆ ಇನ್ನೊಂದು ಕಡೆಯೂ ಎಳೆಯುತ್ತದೆ: ಪಕ್ಕದ ಮನೆಯ ಅಕ್ಕನಿಗೆ ದಂಡ ಬೀಳುವುದಾದರೆ ಆಶಾ ಕಾರ್ಯಕರ್ತೆಯ ಪೆನ್ನು ಸೊನ್ನೆಯತ್ತಲೇ ವಾಲುತ್ತದೆ. ಹಾಗಾಗಿ ಸಮೀಕ್ಷೆಯವರ ಕೈಗೆ ದಂಡದ ಪುಸ್ತಕ ಕೊಡಬೇಡಿ, ಆ ಕೆಲಸ ಪಂಚಾಯಿತಿಯವರದಾಗಿರಲಿ.

ಕೊನೆಗೆ ನಿಮ್ಮ ಪಾಲಿನದು. ಸಮೀಕ್ಷೆಯ ಮರುದಿನ ಅದೇ ಹಾದಿಯಲ್ಲಿ ಐದಾರು ಮನೆಗಳಿಗೆ ನೀವೇ ಟಾರ್ಚ್ ಹಿಡಿದು ಹೋಗಿ, ಮುಂಚೆ ಹೇಳದೆ. ನಿಮಗೆ ಸಿಕ್ಕಿದ್ದನ್ನು ಅದೇ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆಯಿರಿ. ಅವರು ಬರೆದದ್ದನ್ನು ಮಾತ್ರ ಅಳಿಸಬೇಡಿ.