ಸಂಬಳ ಯಾವ ದುಡ್ಡಲ್ಲಿ ಅಂತ ಮೊದಲು ಕೇಳಿ

ಆಫ್ರಿಕಾದ ಮಲಾವಿ ದೇಶದ ಲಿಲಾಂಗ್ವೆಯಲ್ಲಿ ಅಕೌಂಟೆಂಟ್ ಕೆಲಸ ಸಿಕ್ಕಿದೆ, ತಿಂಗಳಿಗೆ 25 ಲಕ್ಷ ಕ್ವಾಚಾ (ಇಲ್ಲಿನ ದುಡ್ಡು), ರೂಪಾಯಿ ಲೆಕ್ಕದಲ್ಲಿ ಒಂದು ಲಕ್ಷ ದಾಟುತ್ತದೆ, ಒಪ್ಪಿಕೊಳ್ಳಲಾ ಎಂದು ಕೇಳಿದ್ದೀರಿ. ನೀವು ಬಂಗಾರಪೇಟೆ, ನಾನು ಶ್ರೀನಿವಾಸಪುರ. ಹಾಗಾಗಿ ಬಿಡಿಸಿಯೇ ಹೇಳುತ್ತೇನೆ.

ಜನ ಒಳ್ಳೆಯವರು. ಊಟಕ್ಕೂ ತೊಂದರೆ ಇಲ್ಲ. ಇವರ ನ್ಸಿಮಾ ಅಂದರೆ ಮುಸುಕಿನ ಜೋಳದ ಮುದ್ದೆ, ಬೆಳ್ಳಗಿರುತ್ತದೆ ಅಷ್ಟೆ. ಸಾರಿದ್ದರೆ ಇಳಿಯುತ್ತದೆ.

ತೊಂದರೆ ಇರುವುದು ಆ 25 ಲಕ್ಷದಲ್ಲಿ. ನಮ್ಮ ಕಡೆ ಬೆಲೆ ಏರಿಕೆ ಅಂದರೆ ಟೊಮೇಟೊ ನೆನಪಾಗುತ್ತದೆ, ಅಲ್ವಾ? 2023ರ ಜುಲೈನಲ್ಲಿ ಕೋಲಾರ ಮಂಡಿಯಲ್ಲಿ 15 ಕೆಜಿ ಬಾಕ್ಸ್ 2000 ರೂಪಾಯಿ ದಾಟಿತ್ತು. ಸೆಪ್ಟೆಂಬರ್ ಹೊತ್ತಿಗೆ ಕೇಳುವವರಿರಲಿಲ್ಲ. ಇಲ್ಲಿ ಹಾಗಲ್ಲ. ಎಣ್ಣೆ, ಸೋಪು, ಬಸ್ ಚಾರ್ಜು ಎಲ್ಲಾ ಒಟ್ಟಿಗೆ ಏರುತ್ತವೆ, ಇಳಿಯುವ ಮಾತೇ ಇಲ್ಲ. 2024ರ ಬಹುತೇಕ ತಿಂಗಳು ಹಣದುಬ್ಬರ ಶೇ 30ರ ಮೇಲಿತ್ತು.

ಯಾಕೆ ಹೀಗೆ ಅಂದರೆ, ಈ ದೇಶಕ್ಕೆ ಸಮುದ್ರವಿಲ್ಲ. ಪೆಟ್ರೋಲು, ಗೊಬ್ಬರ, ಔಷಧಿ ಎಲ್ಲಾ ಹೊರಗಿನಿಂದ ಬರಬೇಕು. ಹೆಚ್ಚಿನದು ಮೊಜಾಂಬಿಕ್, ಟಾಂಜಾನಿಯಾ ಬಂದರುಗಳಿಂದ ಬರುತ್ತದೆ, ಲಾರಿ ಬಾಡಿಗೆಯೇ ದೊಡ್ಡದು. ಅದಕ್ಕೆ ಡಾಲರ್ ಬೇಕು. ಡಾಲರ್ ತರುವುದು ಮುಖ್ಯವಾಗಿ ತಂಬಾಕು, ಜೊತೆಗೆ ಸ್ವಲ್ಪ ಟೀ, ಸಕ್ಕರೆ. ತಂಬಾಕು ಹರಾಜು ಮುಗಿದ ಮೇಲೆ ಬ್ಯಾಂಕಿನಲ್ಲಿ ಡಾಲರ್ ಕೇಳಿ ನೋಡಿ, ನಗುತ್ತಾರೆ. ಸರ್ಕಾರದ ಖರ್ಚು ಆದಾಯಕ್ಕಿಂತ ಜಾಸ್ತಿ, ಉಳಿದದ್ದು ಸಾಲ. ಇದರ ಮೇಲೆ 2023ರಲ್ಲಿ ಫ್ರೆಡ್ಡಿ ಚಂಡಮಾರುತ, 2024ರಲ್ಲಿ ಬರ. ಮುಸುಕಿನ ಜೋಳ ಕೈಕೊಟ್ಟರೆ ಇಲ್ಲಿ ಎಲ್ಲವೂ ಕೈಕೊಟ್ಟ ಹಾಗೆ.

ನನ್ನ ಕಥೆ ಕೇಳಿ. 2022ರ ಶುರುವಿನಲ್ಲಿ ಡಾಲರ್‌ಗೆ ಸುಮಾರು 820 ಕ್ವಾಚಾ. ನನ್ನ ಸಂಬಳ 8 ಲಕ್ಷದ 20 ಸಾವಿರ, ಅಂದರೆ ಸಾವಿರ ಡಾಲರ್. ಆ ಮೇ ತಿಂಗಳಲ್ಲಿ ಕ್ವಾಚಾ ಬೆಲೆ ಇಳಿಸಿದರು. 2023ರ ನವೆಂಬರ್‌ನಲ್ಲಿ ಮತ್ತೆ ಇಳಿಸಿದರು, ಡಾಲರ್ ಒಂದೇ ಏಟಿಗೆ 1180ರಿಂದ 1700ಕ್ಕೆ ಹೋಯಿತು. ಸಂಬಳದ ಚೀಟಿಯಲ್ಲಿ ಅದೇ ಅಂಕಿ. ಊರಿಗೆ ಕಳಿಸುವಾಗ 500 ಡಾಲರೂ ಇಲ್ಲ. ಮಾಲೀಕರನ್ನು ಕೇಳಿದೆ. "ಒಪ್ಪಂದದಲ್ಲಿ ಕ್ವಾಚಾ ಅಂತಲೇ ಇದೆಯಲ್ಲ" ಅಂದರು. ಇತ್ತು, ನಿಜ. ಅಷ್ಟಾದರೂ ಕಳಿಸೋಣ ಅಂದರೆ ಬ್ಯಾಂಕಿನಲ್ಲಿ ವಾರಗಟ್ಟಲೆ ಸರದಿ. ಬೀದಿಯಲ್ಲಿ ಡಾಲರ್ ಸಿಗುತ್ತದೆ, ಆದರೆ ರೇಟು ಬ್ಯಾಂಕಿಗಿಂತ ಎಷ್ಟೋ ಜಾಸ್ತಿ, ಕಾನೂನಿಗೂ ವಿರುದ್ಧ. ನೀವು ಮಾಡಿದ ಒಂದು ಲಕ್ಷದ ಲೆಕ್ಕ ಬ್ಯಾಂಕ್ ರೇಟಿನದು.

ಇಲ್ಲಿಯವರು ಹೇಗೆ ಬದುಕುತ್ತಾರೆ? ದುಡ್ಡನ್ನು ಕೈಯಲ್ಲಿ ಇಟ್ಟುಕೊಳ್ಳುವುದಿಲ್ಲ. ಸಂಬಳ ಬಂದ ದಿನವೇ ಜೋಳದ ಮೂಟೆ, ಸಿಮೆಂಟು, ಇಟ್ಟಿಗೆ. ಎಲ್ಲಿ ನೋಡಿದರೂ ಅರ್ಧ ಕಟ್ಟಿದ ಗೋಡೆ. ಮೊದಮೊದಲು ಸೋಮಾರಿತನ ಅಂದುಕೊಂಡಿದ್ದೆ. ಅದು ಇವರ ಉಳಿತಾಯ ಖಾತೆ! ನಾವು ನಾಲ್ಕು ಜನ ಸೇರಿ ಊರಿನ ಹಾಗೆ ಚೀಟಿ ಶುರು ಮಾಡಿದ್ದೆವು. ಮೊದಲು ಎತ್ತಿದವನು ಫ್ರಿಜ್ ತಂದ. ಕೊನೆಯವನು ನಾನು, ನನ್ನ ದುಡ್ಡಿಗೆ ಮಿಕ್ಸಿ ಬಂತು.

ಹಾಗಾಗಿ ಸಂಬಳದಲ್ಲಿ ಅರ್ಧವಾದರೂ ಡಾಲರ್ ಲೆಕ್ಕದಲ್ಲಿ, ಭಾರತದ ಖಾತೆಗೇ ಹಾಕುತ್ತಾರಾ ಕೇಳಿ. ಮನೆ ಬಾಡಿಗೆ, ಗಾಡಿ, ವರ್ಷಕ್ಕೊಮ್ಮೆ ವಿಮಾನದ ಟಿಕೆಟ್ ಅವರದೇ ಇರಲಿ. ಬಾಯಿಮಾತು ಬೇಡ, ಕಾಗದದಲ್ಲಿ ಬೇಕು. ಒಪ್ಪದಿದ್ದರೆ ಬಂಗಾರಪೇಟೆಯಿಂದ ಬೆಂಗಳೂರಿಗೆ ದಿನಾ ರೈಲು ಇದ್ದೇ ಇದೆ.

ಒಪ್ಪಿದರೆ ಖಂಡಿತ ಬನ್ನಿ. ಬರುವಾಗ ಐದು ಕೆಜಿ ರಾಗಿ ಹಿಟ್ಟು ಹಾಕಿಕೊಳ್ಳಿ, ಅರ್ಧ ನನಗೆ.