25 ಸಾಲಿನ ಪರದೆಯಿಂದ 50 ಸಾಲಿನ ಪರದೆಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

(ಈ ಪುಟದಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚಾಗಿರುವ ಆಜ್ಞೆಗಳನ್ನು ಯಂತ್ರದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಬೆರಳಚ್ಚಿಸಬೇಕು.)

ಪ್ರಶ್ನೆ: ಮಾನ್ಯರೇ, ನಮ್ಮ ಸಗಟು ವ್ಯಾಪಾರದ ಅಂಗಡಿಯಲ್ಲಿ ಡಾಸ್ (ವಿಂಡೋಸ್‌ಗೆ ಮುಂಚಿನ, ಆಜ್ಞೆ ಬೆರಳಚ್ಚಿಸಿ ನಡೆಸುವ ಕಾರ್ಯಾಚರಣಾ ವ್ಯವಸ್ಥೆ) ಕಾಲದ ಲೆಕ್ಕಪತ್ರ ತಂತ್ರಾಂಶವನ್ನೇ ಈಗಲೂ ಬಳಸುತ್ತಿದ್ದೇವೆ. ಪರದೆಯಲ್ಲಿ 25 ಸಾಲು ಮಾತ್ರ ಕಾಣುವುದರಿಂದ ಒಬ್ಬ ಗಿರಾಕಿಯ ಖಾತೆ ನೋಡಲು ಹಲವು ಪುಟ ತಿರುವಬೇಕಾಗುತ್ತದೆ. ‘ಮೋಡ್ ಕಾನ್ ಲೈನ್ಸ್=50’ ಎಂದು ಕೊಟ್ಟರೆ ‘ಆನ್ಸಿ.ಸಿಸ್ ಅಳವಡಿಸಿರಬೇಕು’ ಎಂಬ ಸಂದೇಶ ಬರುತ್ತದೆಯೇ ಹೊರತು ಪರದೆ ಬದಲಾಗುವುದಿಲ್ಲ. ಏನು ಮಾಡಬೇಕು? – ಓದುಗರು, ದಾವಣಗೆರೆ

ಉತ್ತರ: ನಿಮ್ಮ ಯಂತ್ರದಲ್ಲಿ ದೋಷವೇನೂ ಇಲ್ಲ. ಮೋಡ್ ಎಂಬ ಈ ಪುಟ್ಟ ಆಜ್ಞೆ 1981ರ ಪಿಸಿ ಡಾಸ್‌ನ ಮೊದಲ ಆವೃತ್ತಿಯಲ್ಲೇ ಇತ್ತು. ಆಗ ಪರದೆಯ ಮಟ್ಟಿಗೆ ಅದರ ಮುಖ್ಯ ಕೆಲಸ ಒಂದು ಸಾಲಿಗೆ 40 ಅಕ್ಷರವೋ 80 ಅಕ್ಷರವೋ ಎಂಬುದನ್ನು ನಿಗದಿ ಮಾಡುವುದಾಗಿತ್ತು. ಮನೆಯ ಟಿವಿಯನ್ನೇ ಮಾನಿಟರ್ ಆಗಿ ಬಳಸುವವರಿಗೆ 80 ಅಕ್ಷರಗಳ ಸಾಲು ಕಲಸಿಹೋಗಿ ಓದಲು ಬರುತ್ತಿರಲಿಲ್ಲ. ಸಾಲುಗಳ ಸಂಖ್ಯೆಯನ್ನು ಬದಲಿಸುವ ಸೌಲಭ್ಯ 1988ರ 4.0 ಆವೃತ್ತಿಯಲ್ಲಿ ಸೇರಿತು. ಆದರೆ ಈ ಹೊಸ ಸೌಲಭ್ಯದಲ್ಲಿ ಮೋಡ್ ತಾನೇ ಪರದೆಯನ್ನು ಮುಟ್ಟುವುದಿಲ್ಲ, ಕನ್ಸೋಲ್ ಡ್ರೈವರಿಗೆ, ಅಂದರೆ ಪರದೆ ಮತ್ತು ಕೀಲಿಮಣೆಯನ್ನು ನಡೆಸುವ ತಂತ್ರಾಂಶಕ್ಕೆ, ಕೋರಿಕೆ ಸಲ್ಲಿಸುತ್ತದೆ. ಆ ಕೋರಿಕೆ ಡಾಸ್‌ನೊಳಗಿನ ಮಾಮೂಲಿ ಡ್ರೈವರಿಗೆ ಅರ್ಥವಾಗುವುದಿಲ್ಲ, ಆನ್ಸಿ.ಸಿಸ್‌ಗೆ ಅರ್ಥವಾಗುತ್ತದೆ. ಆದ್ದರಿಂದ ಕಾನ್ಫಿಗ್.ಸಿಸ್ ಕಡತದಲ್ಲಿ ‘ಡಿವೈಸ್=ಸಿ:\ಡಾಸ್\ಆನ್ಸಿ.ಸಿಸ್’ ಎಂಬ ಒಂದು ಸಾಲನ್ನು ಸೇರಿಸಿ ಯಂತ್ರವನ್ನು ಮತ್ತೆ ಚಾಲೂ ಮಾಡಿ. ವಿಜಿಎ (ವಿಡಿಯೊ ಕಾರ್ಡಿನ ಒಂದು ಬಗೆ) ಪರದೆಯಾದರೆ 25, 43, 50 ಈ ಮೂರರಲ್ಲಿ ಯಾವುದನ್ನಾದರೂ ಆಗ ಕೇಳಬಹುದು.

ಇಷ್ಟಾದ ಮೇಲೂ ನಿಮ್ಮ ಖಾತೆಯ ಪುಟ 50 ಸಾಲು ತೋರಿಸುತ್ತದೆಯೇ ಎಂಬುದು ತಂತ್ರಾಂಶವನ್ನು ಬರೆದವರ ಮುಂದಾಲೋಚನೆಯ ಮೇಲೆ ನಿಂತಿದೆ. ಕೆಲವು ತಂತ್ರಾಂಶಗಳು ತೆರೆದುಕೊಂಡ ಕೂಡಲೇ ಪರದೆಯನ್ನು ತಾವೇ 80×25ಕ್ಕೆ ತಂದು ನಿಲ್ಲಿಸುತ್ತವೆ. ನೀವು ಮೊದಲು ಕೊಟ್ಟ ಆಜ್ಞೆ ಅಲ್ಲಿಗೆ ರದ್ದಾಗುತ್ತದೆ. ಇನ್ನು ಕೆಲವು 50 ಸಾಲಿನ ಪರದೆಯ ಮೇಲರ್ಧದಲ್ಲಿ ತಮ್ಮ 25 ಸಾಲುಗಳನ್ನು ಬರೆದು ಕೆಳಗಿನ ಅರ್ಧವನ್ನು ಖಾಲಿ ಬಿಡುತ್ತವೆ. ಪರದೆಯಲ್ಲಿ ಎಷ್ಟು ಸಾಲುಗಳಿವೆ ಎಂದು, ಯಂತ್ರದ ಚಿಪ್ಪಿನಲ್ಲೇ ಇರುವ ಮೂಲ ತಂತ್ರಾಂಶವಾದ ಬಯಾಸ್‌ನ ದಾಖಲೆಯನ್ನು ಓದಿ ಅದಕ್ಕೆ ತಕ್ಕಂತೆ ಹಿಗ್ಗುವ ತಂತ್ರಾಂಶಗಳು ಮಾತ್ರ ನಿಮಗೆ ಪ್ರಯೋಜನಕ್ಕೆ ಬರುತ್ತವೆ. ಒಮ್ಮೆ ತೆರೆದು ನೋಡಿದರೆ ನಿಮ್ಮದು ಯಾವ ಬಗೆಯದೆಂದು ಗೊತ್ತಾಗುತ್ತದೆ. ಮೂರನೆಯ ಬಗೆಯದಾಗಿದ್ದರೆ, ಮೊದಲ ಸಾಲಿನಲ್ಲಿ ‘ಮೋಡ್ ಕಾನ್ ಲೈನ್ಸ್=50’, ಎರಡನೆಯದರಲ್ಲಿ ತಂತ್ರಾಂಶದ ಹೆಸರು, ಮೂರನೆಯದರಲ್ಲಿ ‘ಮೋಡ್ ಕಾನ್ ಲೈನ್ಸ್=25’ ಎಂದು ಬರೆದ ಬ್ಯಾಚ್ ಕಡತವೊಂದನ್ನು ಮಾಡಿಟ್ಟುಕೊಳ್ಳಿ. ಲೆಕ್ಕ ಮುಗಿಸಿ ಹೊರಬಂದಾಗ ಪರದೆ ತಾನಾಗಿ ಮೊದಲಿನಂತಾಗುತ್ತದೆ. ದಿನವಿಡೀ ಪರದೆಯ ಮುಂದೆ ಕೂರುವ ಗುಮಾಸ್ತರಿಗೆ 50 ಸಾಲಿನ ಸಣ್ಣ ಅಕ್ಷರ ಕಣ್ಣಿಗೆ ಶ್ರಮವಾಗಬಹುದು; ಅವರನ್ನು ಕೇಳಿಯೇ ಇದನ್ನು ಜಾರಿಗೆ ತನ್ನಿ.

ಪ್ರಶ್ನೆ: ಮೋಡ್‌ನಂತಹ ಸಣ್ಣ ಪ್ರೋಗ್ರಾಂ ಮಾನಿಟರನ್ನು ಹಿಗ್ಗಿಸದೆ ಸಾಲುಗಳನ್ನು ಇಮ್ಮಡಿ ಮಾಡುವುದು ಹೇಗೆ? ನಾನೇ ಅಂಥದ್ದೊಂದನ್ನು ಬರೆಯಬಹುದೇ? – ವಿದ್ಯಾರ್ಥಿ, ಧಾರವಾಡ

ಉತ್ತರ: ಖಂಡಿತ ಬರೆಯಬಹುದು, ಅದಕ್ಕೆ 13 ಬೈಟ್ ಸಾಕು. ಮೊದಲು ಒಳಗಿನ ವ್ಯವಸ್ಥೆಯನ್ನು ತಿಳಿದುಕೊಳ್ಳಿ. ಅಕ್ಷರ ಪರದೆಯಲ್ಲಿ ಚಿತ್ರವೆಂಬುದು ಮೆಮೊರಿಯಲ್ಲಿ ಎಲ್ಲಿಯೂ ಇರುವುದಿಲ್ಲ. ಪ್ರತಿ ಅಕ್ಷರಕ್ಕೂ ಎರಡು ಬೈಟ್‌ಗಳಿರುತ್ತವೆ: ಒಂದರಲ್ಲಿ ಅಕ್ಷರದ ಸಂಕೇತ, ಇನ್ನೊಂದರಲ್ಲಿ ಅದರ ಬಣ್ಣ ಮತ್ತು ಹಿನ್ನೆಲೆ. 80 ಅಕ್ಷರಗಳ 25 ಸಾಲಿಗೆ ಒಟ್ಟು 4000 ಬೈಟ್ ಆಯಿತು. ವಿಡಿಯೊ ಕಾರ್ಡು ಈ ಸಂಕೇತಗಳನ್ನು ಓದುತ್ತಾ, ತನ್ನಲ್ಲಿರುವ ಫಾಂಟಿನ ಪಟ್ಟಿಯಿಂದ ಆಯಾ ಅಕ್ಷರದ ಆಕಾರವನ್ನು ಎತ್ತಿಕೊಂಡು, ವಿಜಿಎಯಲ್ಲಿ ಸೆಕೆಂಡಿಗೆ 70 ಬಾರಿ ಇಡೀ ಪರದೆಯನ್ನು ಹೊಸದಾಗಿ ಬರೆಯುತ್ತದೆ.

ಈ ಬರವಣಿಗೆಗೆ ಸಿಗುವ ಅಡ್ಡಗೆರೆಗಳ ಸಂಖ್ಯೆ ಮೊದಲೇ ನಿಗದಿಯಾಗಿದೆ. 1987ರಲ್ಲಿ ಬಂದ ವಿಜಿಎಯ ಅಕ್ಷರ ಪರದೆಯಲ್ಲಿ 400 ಗೆರೆಗಳಿವೆ. ಅಕ್ಷರದ ಎತ್ತರ 16 ಗೆರೆಯಾದರೆ 25 ಸಾಲು, 14 ಗೆರೆಯಾದರೆ 28 ಸಾಲು, 8 ಗೆರೆಯಾದರೆ 50 ಸಾಲು ಹಿಡಿಯುತ್ತವೆ. ಹಿಂದಿನ ಉತ್ತರದಲ್ಲಿ ಬಂದ 43 ಎಂಬ ಸಂಖ್ಯೆ ಎಲ್ಲಿಯದೆಂದು ಹಲವರು ಕೇಳುತ್ತಾರೆ. 1984ರ ಇಜಿಎ ಕಾರ್ಡಿನಲ್ಲಿ 350 ಗೆರೆಗಳಿದ್ದವು. ಅದನ್ನು 8ರಿಂದ ಭಾಗಿಸಿದರೆ 43 ಸಾಲು ಬಂದು 6 ಗೆರೆ ಉಳಿಯುತ್ತದೆ. ಹೀಗಾಗಿ ಸಾಲುಗಳ ಸಂಖ್ಯೆಯನ್ನು ಬದಲಿಸುವುದೆಂದರೆ ಬೇರೆ ಎತ್ತರದ ಫಾಂಟನ್ನು ಕಾರ್ಡಿಗೆ ತುಂಬುವುದೇ ಆಗಿದೆ.

ಆ ಕೆಲಸವನ್ನು ಬಯಾಸ್ ನಮ್ಮ ಪರವಾಗಿ ಮಾಡಿಕೊಡುತ್ತದೆ. ಡಾಸ್‌ನ ಡಿಬಗ್ ಪ್ರೋಗ್ರಾಂ ತೆರೆದು, ‘ಎ 100’ ಎಂದು ಕೊಟ್ಟು, ಈ ಆರು ಸಾಲುಗಳನ್ನು ಬೆರಳಚ್ಚಿಸಿ:

ಮೂವ್ ಎಎಕ್ಸ್, 0003
ಇಂಟ್ 10
ಮೂವ್ ಎಎಕ್ಸ್, 1112
ಮೂವ್ ಬಿಎಲ್, 00
ಇಂಟ್ 10
ರೆಟ್

ಬಳಿಕ ಖಾಲಿ ಸಾಲಿನಲ್ಲಿ ಎಂಟರ್ ಒತ್ತಿ, ‘ಆರ್ ಸಿಎಕ್ಸ್’ ಎಂದು ಕೊಟ್ಟು ಉದ್ದವನ್ನು ‘ಡಿ’ ಎಂದು ತುಂಬಿ. ಹೆಕ್ಸಾಡೆಸಿಮಲ್‌ನಲ್ಲಿ (16ರ ಆಧಾರದ ಎಣಿಕೆಯಲ್ಲಿ) ‘ಡಿ’ ಎಂದರೆ 13. ‘ಎನ್ 50.ಕಾಮ್’ ಎಂದು ಹೆಸರಿಟ್ಟು, ‘ಡಬ್ಲ್ಯು’ ಎಂದು ಉಳಿಸಿ, ‘ಕ್ಯು’ ಎಂದು ಹೊರಬನ್ನಿ. ಮೊದಲ ಎರಡು ಸಾಲುಗಳು ಪರದೆಯನ್ನು ಒರೆಸಿ, 80 ಅಕ್ಷರಗಳ ಬಣ್ಣದ ಪರದೆಯೆಂಬ 3ನೆಯ ವಿಧಾನಕ್ಕೆ ತರುತ್ತವೆ. ಮುಂದಿನ ಮೂರು ಸಾಲುಗಳು ಕಾರ್ಡಿನ ಓದಲು ಮಾತ್ರ ಬರುವ ಮೆಮೊರಿಯಾದ ರಾಮ್‌ನಲ್ಲೇ ಇರುವ 8 ಗೆರೆ ಎತ್ತರದ ಫಾಂಟನ್ನು ತುಂಬುತ್ತವೆ. ಡಾಸ್‌ಬಾಕ್ಸ್‌ನಂತಹ ಎಮ್ಯುಲೇಟರಿನಲ್ಲೂ (ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶ) ಈ ಪ್ರೋಗ್ರಾಂ ನಡೆಯುತ್ತದೆ. 64 ಬಿಟ್ ವಿಂಡೋಸ್‌ನಲ್ಲಿ ನೇರವಾಗಿ ನಡೆಯುವುದಿಲ್ಲ.

1112ರ ಬದಲು 1102 ಎಂದು ಬರೆದು ಒಮ್ಮೆ ಪರೀಕ್ಷಿಸಲೇಬೇಕೆಂದು ನನ್ನ ಆಗ್ರಹ. ಆಗಲೂ ಅದೇ 8 ಗೆರೆಯ ಫಾಂಟ್ ಬಂದು ಕೂರುತ್ತದೆ, ಆದರೆ ಸಾಲುಗಳು 25ರಲ್ಲೇ ನಿಲ್ಲುತ್ತವೆ. ಕುಳ್ಳ ಅಕ್ಷರಗಳು ಪ್ರತಿ ಸಾಲಿನ ಮೇಲರ್ಧವನ್ನಷ್ಟೇ ಹಿಡಿಯುತ್ತವೆ. 1102 ಫಾಂಟನ್ನಷ್ಟೇ ಬದಲಿಸುತ್ತದೆ. 1112 ಫಾಂಟಿನ ಜೊತೆಗೆ ಸಾಲಿನ ಎತ್ತರವನ್ನು ಮತ್ತೆ ಲೆಕ್ಕ ಹಾಕಿ, ಕಾರ್ಡಿನ ರಿಜಿಸ್ಟರುಗಳನ್ನು ತಿದ್ದಿ, ಬಯಾಸ್‌ನ ದಾಖಲೆಯಲ್ಲಿ 0040:0084 ಎಂಬ ವಿಳಾಸದಲ್ಲಿ 49 ಎಂದು ಬರೆಯುತ್ತದೆ. ಅಲ್ಲಿ ಇರಬೇಕಾದದ್ದು ಸಾಲುಗಳ ಸಂಖ್ಯೆಗಿಂತ ಒಂದು ಕಡಿಮೆ. ದಾವಣಗೆರೆಯ ಓದುಗರ ತಂತ್ರಾಂಶ ಸರಿಯಾಗಿ ಬರೆದದ್ದಾಗಿದ್ದರೆ ಅದು ಓದುವುದು ಇದೇ ವಿಳಾಸವನ್ನು. ಪರದೆಯನ್ನು ಬದಲಿಸುವ ಪ್ರೋಗ್ರಾಂ ಬದಲಾದ ಸಂಗತಿಯನ್ನು ದಾಖಲಿಸದೆ ಹೋದರೆ, ಅದರ ನಂತರ ಬರುವ ಪ್ರೋಗ್ರಾಂಗಳೆಲ್ಲ ತಪ್ಪು ಅಳತೆ ಹಿಡಿದು ಕೆಲಸ ಮಾಡುತ್ತವೆ.

ಪ್ರಶ್ನೆ: ವಿಂಡೋಸ್ 11ರಲ್ಲಿ ಇದೇ ಮೋಡ್ ಆಜ್ಞೆ ಕೆಲವೊಮ್ಮೆ ಕೆಲಸ ಮಾಡುತ್ತದೆ, ಕೆಲವೊಮ್ಮೆ ಮಾಡುವುದಿಲ್ಲ. ಕಾರಣವೇನು? – ಓದುಗರು, ಮಂಗಳೂರು

ಉತ್ತರ: ಹಳೆಯ ಕನ್ಸೋಲ್ ಕಿಟಕಿಯಲ್ಲಿ ‘ಮೋಡ್ ಕಾನ್ ಕಾಲ್ಸ್=100 ಲೈನ್ಸ್=40’ ಎಂದರೆ ಕಿಟಕಿ ಆ ಅಳತೆಗೆ ಬರುತ್ತದೆ. ಅದರೊಂದಿಗೆ ಹಿಂದಿನ ಸಾಲುಗಳನ್ನು ಉಳಿಸಿಕೊಳ್ಳುವ ಬಫರ್ ಕೂಡ 40 ಸಾಲಿಗೆ ಕುಗ್ಗುವುದರಿಂದ ಮೇಲಕ್ಕೆ ಸರಿಸಿ ನೋಡಲು ಏನೂ ಉಳಿಯುವುದಿಲ್ಲ, ಇದನ್ನು ನೆನಪಿಡಿ. ವಿಂಡೋಸ್ ಟರ್ಮಿನಲ್‌ನಲ್ಲಾದರೆ ಕಿಟಕಿಯ ಅಳತೆ ಟರ್ಮಿನಲ್‌ನ ವಶದಲ್ಲಿರುತ್ತದೆ, ಮೋಡ್ ಅದನ್ನು ಬದಲಿಸಲಾರದು. ಸೆಟ್ಟಿಂಗ್ಸ್‌ನ ಸ್ಟಾರ್ಟಪ್ ವಿಭಾಗದಲ್ಲಿ ಅಳತೆಯನ್ನು ನಿಗದಿ ಮಾಡಬೇಕು. ಎರಡರಲ್ಲೂ ನೀವು ಕಾಣುವುದು ಚಿತ್ರವಾಗಿ ಬರೆದ ಅಕ್ಷರಗಳನ್ನು. ಕಾರ್ಡಿನ ನಿಜವಾದ ಅಕ್ಷರ ಪರದೆಗೆ ಪೂರ್ಣವಾಗಿ ಹೋಗುವ ದಾರಿ ವಿಸ್ಟಾದ ಹೊಸ ಬಗೆಯ ಡಿಸ್‌ಪ್ಲೇ ಡ್ರೈವರುಗಳೊಂದಿಗೇ ಮುಚ್ಚಿತು.

ಪ್ರಶ್ನೆ: ಕಚೇರಿಯ ಲಿನಕ್ಸ್ ಸರ್ವರಿಗೆ ದೊಡ್ಡ ಮಾನಿಟರ್ ಜೋಡಿಸಿದ ಮೇಲೆ ಕನ್ಸೋಲಿನ ಅಕ್ಷರಗಳು ಇರುವೆಯಂತೆ ಕಾಣುತ್ತಿವೆ. ಸಾಲುಗಳನ್ನು ಕಡಿಮೆ ಮಾಡುವುದು ಹೇಗೆ? – ಓದುಗರು, ಬೆಂಗಳೂರು

ಉತ್ತರ: ಪರದೆಯ ಎತ್ತರವನ್ನು ಅಕ್ಷರದ ಎತ್ತರದಿಂದ ಭಾಗಿಸುವ ಲೆಕ್ಕ ಹಿಂದಿನದೇ, ಭಾಜ್ಯ ಮಾತ್ರ ದೊಡ್ಡದಾಗಿದೆ. 1920×1080 ಬಿಂದುಗಳ ಪರದೆಯಲ್ಲಿ 8×16ರ ಫಾಂಟ್ ಇಟ್ಟರೆ 240 ಅಕ್ಷರಗಳ 67 ಸಾಲು ಬರುತ್ತವೆ. 16×32ರ ಫಾಂಟ್ ಇಟ್ಟರೆ 120 ಅಕ್ಷರಗಳ 33 ಸಾಲು. ಲಿನಕ್ಸ್‌ನಲ್ಲಿ ಈ ಕೆಲಸ ಮಾಡುವ ಪುಟ್ಟ ಆಜ್ಞೆಯ ಹೆಸರು ಸೆಟ್‌ಫಾಂಟ್. ಟರ್ಮಿನಸ್ ಫಾಂಟಿನ 32 ಬಿಂದು ಎತ್ತರದ ಕಡತವನ್ನು ಅದಕ್ಕೆ ಕೊಡಿ. ಡೆಬಿಯನ್ ಅಥವಾ ಉಬುಂಟು ಆಗಿದ್ದರೆ ಕನ್ಸೋಲ್-ಸೆಟಪ್ ಪ್ಯಾಕೇಜನ್ನು ಡಿಪಿಕೆಜಿ-ರಿಕಾನ್ಫಿಗರ್ ಆಜ್ಞೆಯಿಂದ ಹೊಂದಿಸಿದರೆ ಯಂತ್ರ ಮತ್ತೆ ಚಾಲೂ ಆದಾಗಲೂ ಆಯ್ಕೆ ಉಳಿಯುತ್ತದೆ. ಬದಲಾವಣೆಯಾದ ಮೇಲೆ ‘ಎಸ್‌ಟಿಟಿವೈ ಸೈಜ್’ ಎಂದು ಕೊಟ್ಟು ಸಾಲು ಮತ್ತು ಅಂಕಣಗಳ ಸಂಖ್ಯೆಯನ್ನು ಖಚಿತಪಡಿಸಿಕೊಳ್ಳಿ. ಇದನ್ನೆಲ್ಲ ಸರ್ವರಿನ ಮುಂದೆಯೇ ಕುಳಿತು ಮಾಡಬೇಕು. ಬೇರೆ ಯಂತ್ರದಿಂದ ಎಸ್‌ಎಸ್‌ಎಚ್ ಮೂಲಕ ಒಳಹೊಕ್ಕವರ ಅಕ್ಷರದ ಗಾತ್ರ ಅವರವರ ಟರ್ಮಿನಲ್ ಕಿಟಕಿಗೆ ಸೇರಿದ್ದು.

ಪ್ರಶ್ನೆ: ಇಂತಹ ಅಕ್ಷರ ಪರದೆಗೆ ಕನ್ನಡದ ಫಾಂಟನ್ನೇ ತುಂಬಿದರೆ ಕನ್ನಡ ಮೂಡುವುದಿಲ್ಲವೇ? – ನಿವೃತ್ತ ಶಿಕ್ಷಕರು, ಶಿವಮೊಗ್ಗ

ಉತ್ತರ: ಬಿಡಿ ಅಕ್ಷರಗಳು ಮೂಡುತ್ತವೆ, ಓದಬಲ್ಲ ಕನ್ನಡ ಮೂಡುವುದಿಲ್ಲ. ವಿಜಿಎ ಫಾಂಟಿನಲ್ಲಿ 256 ಆಕಾರಗಳಿಗೆ ಸ್ಥಳವಿದೆ. ಬಣ್ಣದ ಬೈಟಿನ ಒಂದು ಬಿಟ್ಟನ್ನು ಬಿಟ್ಟುಕೊಟ್ಟು, ಅಕ್ಷರದ ಬಣ್ಣಗಳನ್ನು 16ರಿಂದ 8ಕ್ಕೆ ಇಳಿಸಿಕೊಂಡರೆ 512 ಸಿಗುತ್ತವೆ. ಕನ್ನಡಕ್ಕೆ ಅಡ್ಡಿಯಾಗುವುದು ಈ ಸಂಖ್ಯೆಗಿಂತ ಹೆಚ್ಚಾಗಿ ಕೋಣೆಯ ಅಳತೆ. ಎಲ್ಲ ಅಕ್ಷರಗಳಿಗೂ ಒಂದೇ ಅಗಲದ ಕೋಣೆ ಇರುವಲ್ಲಿ ‘ಣ’, ‘ಝೂ’ಗಳಂತಹ ಅಗಲದ ಅಕ್ಷರಗಳು ಹಿಡಿಸುವುದಿಲ್ಲ, ‘ಷ್ಟ್ರ’ದಲ್ಲಿರುವಂತೆ ಒತ್ತಕ್ಷರಗಳು ಬಂದಾಗ ಅವು ಯಾವ ವ್ಯಂಜನದ ಕೆಳಗೆ ಕೂರಬೇಕೆಂಬುದನ್ನು ನಿರ್ಧರಿಸುವ ಬುದ್ಧಿ ಕಾರ್ಡಿಗಿಲ್ಲ. ಲಿನಕ್ಸ್ ಕನ್ಸೋಲಿಗೂ ಈ ತೊಡಕು ತಪ್ಪಿಲ್ಲ.

ಡಾಸ್ ಕಾಲದಲ್ಲಿ ಇದಕ್ಕೆ ಪರಿಹಾರ ಒದಗಿಸಿದ್ದು ಐಐಟಿ ಕಾನ್ಪುರದ ಸಂಶೋಧನೆಯಿಂದ ಹುಟ್ಟಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡು. ಕಂಪ್ಯೂಟರಿನೊಳಗೆ ಬೇರೆಯಾಗಿಯೇ ಜೋಡಿಸುತ್ತಿದ್ದ ಆ ಕಾರ್ಡು ಭಾರತೀಯ ಲಿಪಿಗಳ ಅಕ್ಷರ ಜೋಡಣೆಯನ್ನು ತಾನೇ ಮಾಡಿ, ಡಾಸ್‌ನ ಅಕ್ಷರ ಪರದೆಯ ತಂತ್ರಾಂಶಗಳಲ್ಲೂ ನಮ್ಮ ಭಾಷೆಗಳನ್ನು ಬಳಸಲು ಅನುವು ಮಾಡಿಕೊಟ್ಟಿತು. ಅದು ಬಳಸುತ್ತಿದ್ದ, ಭಾರತೀಯ ಲಿಪಿಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ಇಸ್ಕಿ ಸಂಕೇತವು ಮುಂದೆ 1991ರಲ್ಲಿ ಐಎಸ್ 13194 ಎಂಬ ಭಾರತೀಯ ಮಾನಕವಾಯಿತು. ನಮ್ಮ ಲಿಪಿಗಾಗಿ ಅಷ್ಟು ಹಿಂದೆಯೇ ಇಷ್ಟು ಗಟ್ಟಿಯಾದ ಕೆಲಸ ನಡೆದಿತ್ತೆಂಬುದನ್ನು ಇಂದಿನ ವಿದ್ಯಾರ್ಥಿಗಳು ತಿಳಿಯಬೇಕು. ಆ ಕಾಲದ ಕನ್ನಡ ಕಡತಗಳು ನಿಮ್ಮಲ್ಲಿದ್ದರೆ ಕಳೆದುಕೊಳ್ಳಬೇಡಿ. ಯುನಿಕೋಡ್‌ನ ಕನ್ನಡ ವಿಭಾಗದ ಅಕ್ಷರ ಕ್ರಮ ಇಸ್ಕಿಯನ್ನೇ ಆಧರಿಸಿದೆ. ಐಸಿಯು ಎಂಬ ಯುನಿಕೋಡ್ ತಂತ್ರಾಂಶದೊಂದಿಗೆ ಬರುವ ಯುಕಾನ್ವ್ ಎಂಬ ಪುಟ್ಟ ಆಜ್ಞೆ ಇಸ್ಕಿ ಕಡತಗಳನ್ನು ಯುನಿಕೋಡ್‌ಗೆ ಪರಿವರ್ತಿಸಿಕೊಡುತ್ತದೆ.