ತ್ಯಾಗವನ್ನು ಕೇಳಿದವರು ಯಾರು?

ದಧೀಚಿ ಋಷಿಯು ದೇವತೆಗಳಿಗೆ ತನ್ನ ಎಲುಬು ಕೊಟ್ಟದ್ದೂ ಯೇಸು ಶಿಲುಬೆಯೇರಿದ್ದೂ ಒಂದೇ ಸತ್ಯದ ಎರಡು ರೂಪಗಳಲ್ಲವೇ ಎಂದು ಕೇಳಿದ್ದೀರಿ. ನನಗೆ ಹಾಗೆ ತೋರುವುದಿಲ್ಲ. ದಧೀಚಿಯ ಎಲುಬು ವೃತ್ರಾಸುರನನ್ನು ಕೊಲ್ಲುವ ವಜ್ರಾಯುಧವಾಯಿತು, ಅದರಿಂದ ಉಳಿದದ್ದು ಇಂದ್ರನ ಪದವಿ. ಯೇಸುವಾದರೋ, ಈ ಪಾತ್ರೆಯನ್ನು, ಎಂದರೆ ಬರಲಿರುವ ಯಾತನೆಯನ್ನು, ತನ್ನಿಂದ ತೊಲಗಿಸೆಂದು ಬಂಧನಕ್ಕೆ ಮುನ್ನ ಗೆತ್ಸೆಮನೆ ತೋಟದಲ್ಲಿ ಪ್ರಾರ್ಥಿಸಿದನೆಂದು ಮಾರ್ಕನ ಸುವಾರ್ತೆಯೇ ಹೇಳುತ್ತದೆ. ಅವನ ಮಹಿಮೆಗಿಂತ ಆ ಅಳುಕೇ ನನ್ನನ್ನು ಹೆಚ್ಚು ತಟ್ಟುತ್ತದೆ.

ನನ್ನ ಸಂಶಯ ಗಟ್ಟಿಯಾದದ್ದು ‘ಕೆರೆಗೆ ಹಾರ’ ಎಂಬ ನಮ್ಮ ಜನಪದ ಹಾಡಿನ ಭಾಗೀರಥಿಯಿಂದ. ಕಲ್ಲನಕೇರಿಯ ಮಲ್ಲನಗೌಡನು ಕಟ್ಟಿಸಿದ ಕೆರೆಗೆ ನೀರು ಬಾರದಿದ್ದಾಗ, ಮನೆಯವರು ಹಿರಿಸೊಸೆಯನ್ನು ಬಿಟ್ಟು ಕಿರಿಸೊಸೆ ಭಾಗೀರಥಿಯನ್ನು ಕೆರೆಗೆ ಬಲಿಕೊಡಲು ಆರಿಸಿದರು. ಆಕೆಯ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಆಕೆ ತವರಿಗೆ ಹೋಗಿ ದುಃಖಿಸಿದ್ದನ್ನೂ, ದಂಡಿನಿಂದ ಮರಳಿದ ಗಂಡ ಮಾದೇವರಾಯ ಅದೇ ಕೆರೆಗೆ ಹಾರಿದ್ದನ್ನೂ ಬಿಡದೆ ಹಾಡಿಕೊಂಡು ಬಂದ ಹೆಣ್ಣುಮಕ್ಕಳು, ಅದನ್ನು ಬರಿಯ ಪುಣ್ಯಕಾರ್ಯವೆಂದು ನಂಬಿದ್ದರೆಂದು ನಾನು ಒಪ್ಪಲಾರೆ.